ಪ್ರತಿಭಾ ಪುರಸ್ಕಾರಕ್ಕೆ ದುಡ್ಡು ಹಾಕೋದಾ, ಫೀಸ್ ಕಟ್ಟೋಕಾಗದ ಮಕ್ಕಳಿಗೆ ಕೊಡೋದಾ?

ತಿಪಟೂರಿನವನು

ಎಲ್ಲರಿಗೂ ನಮಸ್ಕಾರ. ನಮ್ಮ ಸಮುದಾಯದ ಸಂಘದಲ್ಲಿ ಈ ವರ್ಷ ಖಜಾಂಚಿ ಕೆಲಸ ನನ್ನ ಪಾಲಿಗೆ ಬಂದಿದೆ. ಪ್ರತಿ ವರ್ಷ ಆಗಸ್ಟ್‌ನಲ್ಲಿ ಒಂದು ಭಾನುವಾರ ಪ್ರತಿಭಾ ಪುರಸ್ಕಾರ ಮಾಡ್ತೀವಿ, ಎಸ್ಸೆಸ್ಸೆಲ್ಸಿ, ಪಿಯುಸಿಲಿ 90 ಪರ್ಸೆಂಟ್ ದಾಟಿದ ನಮ್ಮ ಮಕ್ಕಳಿಗೆ ಸನ್ಮಾನ, ನಿಮ್ಮ ಊರುಗಳಲ್ಲೂ ಇದ್ದೇ ಇರುತ್ತೆ. ಹೋದ ವರ್ಷದ ಲೆಕ್ಕ ತೆಗೆದು ನೋಡ್ದೆ. ಕಲ್ಯಾಣ ಮಂಟಪದ ಬಾಡಿಗೆ, ಫ್ಲೆಕ್ಸು, ಸೌಂಡ್ ಸಿಸ್ಟಮ್, ಊಟ, ವೇದಿಕೆ ಮೇಲೆ ಕೂತ ಗಣ್ಯರಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲಾ ಸೇರಿ ಖರ್ಚಿನ ಮುಕ್ಕಾಲು ಪಾಲು ಅಲ್ಲೇ ಹೋಗಿದೆ. ಮಕ್ಕಳ ಕೈಗೆ ಸಿಕ್ಕಿದ್ದು ಒಂದು ಮೊಮೆಂಟೊ, ಒಂದು ಸರ್ಟಿಫಿಕೇಟು, ಕವರಲ್ಲಿ ಎರಡು ಸಾವಿರ.

ಇದೇ ವರ್ಷ ನಮ್ಮ ಪಕ್ಕದ ಹಳ್ಳಿ ಹುಡುಗಿ ಪಿಯುಸಿ 61 ಪರ್ಸೆಂಟಲ್ಲಿ ಪಾಸಾದ್ಲು, ನರ್ಸಿಂಗ್ ಸೇರೋ ಆಸೆ ಇತ್ತು, ಮೊದಲ ಕಂತು ಹೊಂದಿಸೋಕಾಗದೆ ಈಗ ದಿನಾ ಬೆಳಗ್ಗೆ ಗಾರ್ಮೆಂಟ್ಸ್ ಬಸ್ ಹತ್ತುತ್ತಾಳೆ. ಅವಳ ಹೆಸರು ನಮ್ಮ ಯಾವ ಪಟ್ಟಿಲೂ ಬರಲ್ಲ.

ಮೀಟಿಂಗಲ್ಲಿ ಈ ಸಲ ಸಮಾರಂಭ ಸಣ್ಣದು ಮಾಡಿ ಆ ದುಡ್ಡನ್ನ ಇಂಥ ಮಕ್ಕಳಿಗೆ ಕೊಡೋಣ ಅಂದೆ. ಹಿರಿಯರೊಬ್ಬರು ಎದ್ದು ನಿಂತು, ಕಷ್ಟಪಟ್ಟು ಮಾರ್ಕ್ಸ್ ತೆಗೆದೋರನ್ನ ಬಿಟ್ಟು ಓದದೇ ಇರೋರಿಗೆ ದುಡ್ಡು ಕೊಟ್ರೆ ಮಕ್ಕಳಿಗೆ ನಾವು ಏನು ಕಲಿಸಿದ ಹಂಗಾಯ್ತು ಅಂತ ಕೇಳಿದ್ರು, ಅರ್ಧ ಸಭೆ ಚಪ್ಪಾಳೆ ತಟ್ತು. ಇನ್ನರ್ಧ ಸುಮ್ನೆ ಕೂತಿತ್ತು. ಮುಂದಿನ ತಿಂಗಳು ಮತ್ತೆ ಮೀಟಿಂಗ್ ಇದೆ. ನಿಮ್ಮ ಅಭಿಪ್ರಾಯ ಬೇಕು.

ಹೊಸಕೋಟೆ ಹುಡುಗ

ನಾನು ಇದಕ್ಕೆ ವಿರೋಧ, ಪೂರ್ತಿ ಓದಿ ಆಮೇಲೆ ಬೈರಿ.

ನಮ್ಮಪ್ಪ ಎಪಿಎಂಸಿ ಯಾರ್ಡಲ್ಲಿ ಹಮಾಲಿ. ನಮ್ಮವರ ಮದುವೆ ಮುಂಜಿಗೆ ಹೋದ್ರೆ ಬಾಗಿಲ ಹತ್ರಾನೇ ನಿಲ್ಲೋರು, ಯಾರಾದ್ರೂ ಕರೆದ್ರೆ ಮಾತ್ರ ಒಳಗೆ. ನಂಗೆ ಎಸ್ಸೆಸ್ಸೆಲ್ಸಿಲಿ ಒಳ್ಳೆ ಮಾರ್ಕ್ಸ್ ಬಂದಾಗ ಇಂಥದೇ ಒಂದು ಪುರಸ್ಕಾರದಲ್ಲಿ ಮೈಕಲ್ಲಿ ನಮ್ಮಪ್ಪನ ಹೆಸರು ಕೂಗಿ, ತಂದೆಯವರೂ ವೇದಿಕೆಗೆ ಬರ್ಬೇಕು ಅಂದ್ರು. ಅಪ್ಪ ಚಪ್ಪಲಿ ಕೆಳಗೇ ಬಿಟ್ಟು ಹತ್ತಿದ್ರು, ಟವಲ್ ಹೆಗಲ ಮೇಲಿಂದ ತೆಗೆದು ಕಂಕುಳಲ್ಲಿ ಇಟ್ಕೊಂಡ್ರು. ಅವರು ಮೂಟೆ ಹೊರ್ತಿದ್ದ ಅಂಗಡಿ ಸಾಹುಕಾರರೇ ಹಾರ ಹಾಕಿದ್ದು. ಆ ಕವರಲ್ಲಿದ್ದ ದುಡ್ಡು ಯಾವತ್ತೋ ಖರ್ಚಾಯ್ತು, ಆದ್ರೆ ಅವತ್ತಿಂದ ಅಪ್ಪ ನಮ್ಮೂರ ಸಭೆಗಳಲ್ಲಿ ಕುರ್ಚಿ ಮೇಲೆ ಕೂರ್ತಾರೆ. ಇದನ್ನ ಯಾವ ಸ್ಕಾಲರ್‌ಶಿಪ್ ಕೊಡುತ್ತೆ ಹೇಳಿ?

ದುಡ್ಡಿರೋ ಮನೆ ಮಕ್ಕಳಿಗೆ ಹೆಮ್ಮೆ ಪಡೋಕೆ ನೂರು ದಾರಿ ಇದೆ. ನಮ್ಮಂಥವರಿಗೆ ಇದೊಂದೇ. ನಾನು ಸ್ವಂತ ಬಲದಿಂದ ಓದಿದೀನಿ, ಅದನ್ನ ಹೇಳ್ಕೊಳ್ಳೋಕೆ ನಾಚಿಕೆ ಯಾಕೆ. ಸಹಾಯ ಮಾಡ್ಲೇಬೇಕು ಅಂದ್ರೆ ಬೇರೆ ದುಡ್ಡು ಎತ್ತಿ, ಇದಕ್ಕೆ ಕೈ ಹಾಕ್ಬೇಡಿ.

ಬಂಟ್ವಾಳದ ಟೀಚರ್

ಹೊಸಕೋಟೆಯವರೇ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸು ತುಂಬಿ ಬಂತು. ಆದ್ರೆ ಒಂದು ಕೇಳ್ತೇನೆ. 90ಕ್ಕೆ ಒಂದು ಮಾರ್ಕ್ ಕಡಿಮೆ ಬಂದಿದ್ರೆ ನಿಮ್ಮ ತಂದೆಯವರಿಗೆ ಆ ಮರ್ಯಾದೆ ಸಲ್ಲಬಾರದಿತ್ತಾ? ಅವರು ಹೊತ್ತ ಮೂಟೆ ಅಷ್ಟೇ ಭಾರ ಅಲ್ವಾ.

ನಮ್ಮ ಕಡೆಯ ಹರೇಕಳ ಹಾಜಬ್ಬರ ವಿಷಯ ಎಲ್ರಿಗೂ ಗೊತ್ತುಂಟು. ಮಂಗಳೂರಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುವವರು, ವಿದೇಶದವರೊಬ್ಬರು ಇಂಗ್ಲಿಷಲ್ಲಿ ರೇಟ್ ಕೇಳಿದಾಗ ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ, ತನಗಾದ ಹಾಗೆ ಊರಿನ ಮಕ್ಕಳಿಗೆ ಆಗಬಾರದು ಅಂತ ಹೊರಟು ಹರೇಕಳದ ನ್ಯೂಪಡ್ಪುವಿಗೆ ಶಾಲೆ ತಂದ್ರು. 2020ರ ಪದ್ಮಶ್ರೀ ಅವರಿಗೆ, ಪ್ರಶಸ್ತಿ ತಗೊಳ್ಳುವಾಗ ಬರಿಗಾಲಲ್ಲೇ ಹೋಗಿದ್ರು. ಅವರು ಶಾಲೆ ಮಾಡಿದ್ದು ಯಾರೋ ರ‍್ಯಾಂಕ್ ತೆಗೀಲಿ ಅಂತ ಅಲ್ಲ, ಊರಿನ ಎಲ್ಲ ಮಕ್ಕಳೂ ಓದ್ಲಿ ಅಂತ. ನಾನು ಕ್ಲಾಸಲ್ಲಿ ನೋಡುದು ಸಹ ಅದೇ. ತೊಂಬತ್ತು ತೆಗೆಯುವ ಮಗುವಿಗೆ ಹೇಗಾದ್ರೂ ಯಾರಾದ್ರೂ ಸಿಗ್ತಾರೆ, ಕಾಲೇಜಿನವರೇ ಮನೆಗೆ ಬಂದು ಫ್ರೀ ಸೀಟ್ ಕೊಡ್ತೇವೆ ಅಂತಾರೆ. ಐವತ್ತೈದು ಅರವತ್ತು ತೆಗೆಯುವವರ ಹಿಂದೆ ಯಾರೂ ಇಲ್ಲ.

ಹೆಸರು ಬೇಡ

ಇಲ್ಲಿ ಯಾರೂ ತಗೊಳ್ಳೋರ ಕಡೆಯಿಂದ ಮಾತಾಡ್ತಿಲ್ಲ ಅದಕ್ಕೆ ಬರೀತಿದೀನಿ.

ನಂಗೆ ಸಹಾಯ ಸಿಕ್ಕಿದೆ, ಹೈಸ್ಕೂಲಲ್ಲಿದ್ದಾಗ. ಯಾವ ಸಂಸ್ಥೆ ಅಂತ ಹೇಳಲ್ಲ. ನೋಟ್ ಬುಕ್ಕು, ಬ್ಯಾಗು, ಒಂದು ಜೊತೆ ಯೂನಿಫಾರ್ಮ್. ಪ್ರೇಯರ್ ಆದ್ಮೇಲೆ ಇಡೀ ಶಾಲೆ ಎದುರಿಗೆ "ಬಡ ವಿದ್ಯಾರ್ಥಿಗಳು ಮುಂದೆ ಬನ್ನಿ" ಅಂತ ಕರೆದ್ರು. ಸಾಲಾಗಿ ನಿಲ್ಸಿದ್ರು, ಬ್ಯಾಗ್ ಎದೆ ಹತ್ರ ಹಿಡ್ಕೊಂಡು ದಾನಿಗಳ ಜೊತೆ ಫೋಟೊ, ಕ್ಯಾಮೆರಾದವನು ಸರಿಯಾಗಿ ಬಂದಿಲ್ಲ ಅಂತ ಬ್ಯಾಗ್ ವಾಪಸ್ ಕೊಡ್ಸಿ ಇನ್ನೊಂದ್ ಸಲ ತೆಗೆದ. ಬ್ಯಾಗ್ ಮೇಲೆ ದಾನಿಗಳ ಹೆಸರು ದಪ್ಪ ಅಕ್ಷರದಲ್ಲಿ ಪ್ರಿಂಟ್ ಆಗಿತ್ತು. ಅದನ್ನ ಹೊತ್ಕೊಂಡು ಹೋದ್ರೆ ಬಸ್ಸಲ್ಲಿ ಎಲ್ರಿಗೂ ಗೊತ್ತಾಗೋದು ಇವಳದು ಫ್ರೀ ಬ್ಯಾಗು ಅಂತ, ಅಮ್ಮ ಅದರ ಮೇಲೆ ಹಳೇ ಸೀರೆ ತುಂಡು ಹೊಲಿದು ಕೊಟ್ರು.

ಅದೇ ವರ್ಷ ನಂಗೆ ಜಿಲ್ಲಾ ಮಟ್ಟದ ಪ್ರಬಂಧ ಸ್ಪರ್ಧೆಲಿ ಪ್ರೈಜ್ ಬಂತು. ಅದೇ ಗ್ರೌಂಡು, ಅದೇ ಮೈಕು, ನಾನು ಓಡ್ಕೊಂಡು ಹೋಗಿ ತಗೊಂಡೆ.

ಅದಕ್ಕೇ ಹೇಳ್ತೀನಿ, ಹೊಸಕೋಟೆಯವರು ಹೇಳಿದ್ದು ನಂಗೆ ಪೂರ್ತಿ ಅರ್ಥ ಆಗುತ್ತೆ. ತಿಪಟೂರಿನವರೇ, ನೀವು ಆ ನರ್ಸಿಂಗ್ ಹುಡುಗಿಗೆ ಫೀಸ್ ಕೊಡಿ, ಖಂಡಿತ ಕೊಡಿ, ಆದ್ರೆ ಅವಳನ್ನ ಅದೇ ವೇದಿಕೆ ಮೇಲೆ "ಆರ್ಥಿಕವಾಗಿ ಹಿಂದುಳಿದವರು" ಅಂತ ಕರೆದು ಕೊಡ್ಬೇಡಿ. ಸೀದಾ ಕಾಲೇಜಿನ ಅಕೌಂಟಿಗೆ ಕಟ್ಟಿ, ರಸೀದಿ ಅವಳ ಮನೆಗೆ ಕಳ್ಸಿ. ಫೋಟೊ ಬೇಡ.

ಧಾರವಾಡ ಪೇಡೆ

ಹೆಸರು ಬೇಡ ಅಂದವರಿಗೆ ಶರಣು, ಭಾಳ ಸರಿ ಬರ್ದೀರಿ.

ನಮ್ಮ ಧಾರವಾಡದಾಗ ಮುರುಘಾಮಠದ ಪ್ರಸಾದ ನಿಲಯ ಅಂದ್ರ ಎಲ್ಲಾರಿಗೂ ಗೊತ್ತು. ಮೃತ್ಯುಂಜಯ ಅಪ್ಪಗಳ ಕಾಲದಿಂದ ಹಳ್ಳಿ ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗಿ ಕಲ್ತು ದೊಡ್ಡ ದೊಡ್ಡ ಹುದ್ದೇಕ ಹೋಗ್ಯಾರ. ತುಮಕೂರ ಕಡೆಯವರಿಗೆ ಸಿದ್ಧಗಂಗಾದ ಬಗ್ಗೆ ನಾ ಹೇಳೂದ ಬ್ಯಾಡ, 2019ರಾಗ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳು ಸಾವಿರಾರು ಮಕ್ಕಳಿಗೆ ಊಟ, ವಸತಿ, ಅಕ್ಷರ ಮೂರೂ ಕೊಟ್ಟವರು. ಈ ಜಾಗಾದಾಗ ಉಂಡವರು ಯಾರಿಗಾದರೂ "ನಾ ದಾನದ ಕೂಳು ತಿಂದೆ" ಅಂತ ಸಣ್ಣತನ ಅನಿಸೇತೇನು? ಇಲ್ಲ. ಎದಿ ಉಬ್ಬಿಸಿ ಹೇಳ್ತಾರ, ನಾವು ಮಠದಾಗ ಉಂಡು ಕಲ್ತವರು ಅಂತ. ಯಾಕಂದ್ರ ಅದನ್ನ ದಾನ ಅಂತ ಯಾರೂ ಕೊಡಲಿಲ್ಲ, ಪಂಕ್ತಿಯೊಳಗ ಎಲ್ಲಾರೂ ಒಂದ ಸಾಲಿನಾಗ ಕುಂತ್ರು.

ಇನ್ನೊಂದ ಮಾತು. ಸ್ವಂತ ದುಡಿಮೆ ಒಂದ್ಕಡೆ, ಕೊಡೂದು ಇನ್ನೊಂದ್ಕಡೆ ಅಂತ ತಕ್ಕಡಿಯಾಗ ಇಟ್ಟು ತೂಗಾಕ ಹತ್ತೀರಲ್ಲ, ಶರಣರು ಅವನ್ನ ಬ್ಯಾರೆ ಮಾಡೇ ಇಲ್ಲ. ಆಯ್ದಕ್ಕಿ ಮಾರಯ್ಯ ಕಲ್ಯಾಣದಾಗ ಬಿದ್ದ ಅಕ್ಕಿ ಆರಿಸಿ ತರತಿದ್ದ, ಅದರಾಗ ದಾಸೋಹ ನಡೀತಿತ್ತು. ಒಂದಿನ ಅವ ರೂಢಿಗಿಂತ ಜಾಸ್ತಿ ತಂದಾಗ ಲಕ್ಕಮ್ಮ ಇದು ನಮ್ಮದಲ್ಲ, ಹೋಗಿ ಅಲ್ಲೇ ಚೆಲ್ಲಿ ಬಾ ಅಂದ್ಲು. ಬಡತನದಾಗೂ ಎಂಥಾ ಘನತೆ ನೋಡ್ರಿ. ಆಕಿ ಹೆಮ್ಮಿ ಇದ್ದದ್ದು ತಾನು ದುಡಿದದ್ದರಾಗ ಮತ್ತ ಅದನ್ನ ಹಂಚಿ ಉಂಬೂದರಾಗ, ಎರಡೂ ಒಂದ.

ಶಾಸನಪ್ರಿಯ

ಹೆಸರು ಹಾಕಿಸೋ ಬಗ್ಗೆ ಒಂದು ಬೇರೆ ಮಾತು ಹೇಳ್ತೀನಿ, ದಾನಿಗಳ ಹೆಸರು ಅಂದ ತಕ್ಷಣ ಅದು ಅಹಂಕಾರ ಅಂತ ತಳ್ಳಿಹಾಕೋದು ಸರಿಯಲ್ಲ. ನಮ್ಮ ದಾನ ಶಾಸನಗಳನ್ನ ಓದಿದ್ರೆ ಹೆಸರು ಯಾಕೆ ಬೇಕಿತ್ತು ಅಂತ ಗೊತ್ತಾಗುತ್ತೆ. ಯಾರು ಕೊಟ್ರು, ಎಷ್ಟು ಭೂಮಿ, ಅದರ ಎಲ್ಲೆ ಯಾವುದು, ಯಾವ ಕೆಲಸಕ್ಕೆ, ಎಲ್ಲಾ ಕಲ್ಲಲ್ಲಿ ಇರ್ತಿತ್ತು, ಕೊನೇಲಿ ಇದನ್ನ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳವಾಗಿ ಹುಟ್ತಾನೆ ಅಂತ ಶಾಪ ಬೇರೆ. ಅಂದ್ರೆ ಆ ಕಲ್ಲು ದಾನಪತ್ರಾನೂ ಹೌದು, ಊರಿನ ಲೆಕ್ಕಪತ್ರಾನೂ ಹೌದು. ಲಕ್ಕುಂಡಿಯ ಅತ್ತಿಮಬ್ಬೆ ಸಾವಿರ ವರ್ಷದ ಹಿಂದೆ ಬಸದಿ ಕಟ್ಟಿಸಿ, ಕಾವ್ಯದ ಸಾವಿರ ಪ್ರತಿ ಬರೆಸಿ ಹಂಚಿದ್ದು ನಮಗೆ ಗೊತ್ತಿರೋದು ಹೆಸರು ಉಳಿದಿದ್ದಕ್ಕೆ. ದಾನಚಿಂತಾಮಣಿ ಅಂತ ಜನ ಕರೆದ್ರು, ಅದನ್ನ ಹೇಳೋಕೆ ನಮಗೂ ಹೆಮ್ಮೆನೇ.

ತಿಪಟೂರಿನವರಿಗೆ ಉಪಯೋಗ ಆಗೋ ಶಾಸನ ಅಂದ್ರೆ ವಿಜಯಪುರ ಜಿಲ್ಲೆ ಸಾಲೋಟಗಿದು, ಕ್ರಿ.ಶ. 945, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಅಲ್ಲೊಂದು ವಿದ್ಯಾಸ್ಥಾನ ಇತ್ತು, ಬೇರೆ ಬೇರೆ ನಾಡಿಂದ ವಿದ್ಯಾರ್ಥಿಗಳು ಬರ್ತಿದ್ರು, ರಾತ್ರಿ ಓದೋ ದೀಪದ ಖರ್ಚಿಗೆ ಅಂತಾನೇ ಬೇರೆ ಭೂಮಿ ಬಿಟ್ಟಿದ್ರು. ಅದಕ್ಕಿಂತ ಮುಖ್ಯ, ಊರಲ್ಲಿ ಮದುವೆ ಆದ್ರೆ ಇಷ್ಟು, ಮುಂಜಿ ಆದ್ರೆ ಇಷ್ಟು, ಚೌಲ (ಮಗುವಿನ ಮೊದಲ ಕೂದಲು ತೆಗೆಸೋದು) ಆದ್ರೆ ಇಷ್ಟು ಅಂತ ವಿದ್ಯಾರ್ಥಿಗಳಿಗಾಗಿ ಸಲ್ಲಿಸಬೇಕು ಅಂತ ಕಲ್ಲಲ್ಲೇ ಇದೆ. ಯಾರೋ ಒಬ್ಬ ದೊಡ್ಡ ಮನುಷ್ಯನ ಉದಾರತನಕ್ಕೆ ಕಾಯೋದಲ್ಲ, ಊರಿನ ಪ್ರತಿ ಮನೆ ಸಂತೋಷದಿಂದ ಒಂದು ಪಾಲು. ನಿಮ್ಮ ಸಂಘದಲ್ಲೂ ಯಾಕೆ ಆಗಬಾರದು?

ಹೊಸಕೋಟೆ ಹುಡುಗ

ಬಂಟ್ವಾಳದ ಮೇಡಂ, ನಿಮ್ಮ ಪ್ರಶ್ನೆಗೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಆದ್ರೂ ನನ್ನ ನಿಲುವು ಬದಲಾಗಿಲ್ಲ. ಸಾಧನೆಗೆ ಬೆಲೆ ಇರ್ಬೇಕು. ಎಲ್ಲರಿಗೂ ಹಾರ ಹಾಕಿದ್ರೆ ಹಾರಕ್ಕೆ ಅರ್ಥ ಉಳಿಯಲ್ಲ. ಪೇಟ ಶಾಲು ತೆಗೆದುಹಾಕಿ, ಗಣ್ಯರಿಗೆ ಖರ್ಚು ಮಾಡೋದು ತೆಗೆದುಹಾಕಿ, ಅದಕ್ಕೆ ನನ್ನ ತಕರಾರಿಲ್ಲ. ಮಕ್ಕಳ ಮತ್ತೆ ಅವರ ಅಪ್ಪ ಅಮ್ಮನ ಹೆಸರು ಮೈಕಲ್ಲಿ ಕೂಗೋದು ಮಾತ್ರ ಇರ್ಲೇಬೇಕು.

ಇನ್ನೊಂದು ಮಾತು. ಮಾತೆತ್ತಿದ್ರೆ "ನೀನು ಸಮಾಜಕ್ಕೆ ವಾಪಸ್ ಕೊಡ್ಬೇಕು" ಅಂತ ನಮ್ಮಂಥವರಿಗೆ ಹೇಳ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಅಪ್ಪನ ಸಾಲ ತೀರಿಲ್ಲ, ತಂಗಿ ಮದುವೆ ಮುಂದಿದೆ, ಅಷ್ಟರಲ್ಲೇ ಸಂಘದವರು ರಸೀದಿ ಪುಸ್ತಕ ಹಿಡ್ಕೊಂಡು ಬಂದ್ರು. ಕೊಟ್ಟಿದ್ದು ಕಮ್ಮಿ ಆಯ್ತು ಅಂತ "ಬೆಳೆದ್ಮೇಲೆ ಮರೆತುಬಿಟ್ಟ" ಅಂದ್ರು. ಹುಟ್ಟಾ ಆಸ್ತಿ ಇದ್ದೋರಿಗೆ ಆ ಮಾತು ಯಾರೂ ಅನ್ನಲ್ಲ. ಬಡವರ ಮಕ್ಕಳು ಗೆದ್ರೆ ಮೊದಲು ಅವರ ಮನೆ ಎದ್ದು ನಿಲ್ಲಬೇಕು, ಅದೂ ಒಂದು ಕೊಡುಗೆನೇ.

ಬಂಟ್ವಾಳದ ಟೀಚರ್

ಅದು ಸತ್ಯ. ತಂಗಿಯನ್ನೂ ಓದಿಸಿ, ಅಷ್ಟೇ ನಾನು ಹೇಳುದು.

ಲೆಕ್ಕಿಗ

ಲೆಕ್ಕ ಪರಿಶೋಧನೆ ಕೆಲಸ ಮಾಡೋನು, ಕೆಲವು ವ್ಯಾವಹಾರಿಕ ವಿಷಯ ಹೇಳ್ತೀನಿ, ಖಜಾಂಚಿಗಳಿಗೆ ಬೇಕಾಗುತ್ತೆ.

ಸದಸ್ಯರು 80ಜಿ ರಿಯಾಯಿತಿ, ಅಂದ್ರೆ ಕೊಟ್ಟ ದಾನಕ್ಕೆ ಆದಾಯ ತೆರಿಗೆಲಿ ರಿಯಾಯಿತಿ, ಸಿಗುತ್ತಾ ಅಂತ ಖಂಡಿತ ಕೇಳ್ತಾರೆ. ಒಂದು ನಿರ್ದಿಷ್ಟ ಜಾತಿ ಅಥವಾ ಧರ್ಮದವರಿಗೆ ಮಾತ್ರ ಅಂತ ಉದ್ದೇಶದಲ್ಲೇ ಬರೆದುಕೊಂಡಿರೋ ಸಂಸ್ಥೆಗೆ ಆ ರಿಯಾಯಿತಿ ಸಿಗೋದು ಕಷ್ಟ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು, ಮಕ್ಕಳಿಗಾಗಿ ಇದ್ರೆ ಮಾತು ಬೇರೆ. ಹಾಗಾಗಿ ನಿಮ್ಮ ಬೈಲಾ ಒಮ್ಮೆ ತೆಗೆದು ನೋಡಿ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ರೆ ಅದಕ್ಕೆ ರಿಯಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡೋರಿಗಂತೂ ಇಲ್ಲವೇ ಇಲ್ಲ. ಈಗ ಸಂಬಳದವರು ಬಹಳ ಜನ ಹೊಸ ಪದ್ಧತಿಲೇ ಇದ್ದಾರೆ, ಅಂದ್ರೆ ಇನ್ಮೇಲೆ ಕೊಡೋರು ತೆರಿಗೆ ಉಳಿಸೋಕೆ ಕೊಡಲ್ಲ, ಮನಸ್ಸಿಂದ ಕೊಡ್ಬೇಕು.

ಮತ್ತೆ ಇಲ್ಲಿ ಯಾರೂ ಹೇಳದ ವಿಷಯ, ನಿಮ್ಮಂಥ ಸಂಘಗಳಲ್ಲಿ ದತ್ತಿ ನಿಧಿ ಇರುತ್ತೆ, ತಂದೆ ತಾಯಿ ಹೆಸರಲ್ಲಿ ಠೇವಣಿ ಇಟ್ಟು ಬಡ್ಡಿಲಿ ಪ್ರತಿ ವರ್ಷ ಚಿನ್ನದ ಪದಕ ಕೊಡಿ ಅಂತ. ಅದನ್ನ ದಾನಿಯನ್ನ ಕೇಳದೆ ಬೇರೆ ಕೆಲಸಕ್ಕೆ ಬಳಸೋಕೆ ಬರಲ್ಲ. ಹೋಗಿ ಕೇಳಿ. ನಾನು ನೋಡಿದ ಹಾಗೆ ಎಷ್ಟೋ ಜನ "ನಮ್ಮಮ್ಮನ ಹೆಸರಲ್ಲಿ ಪದಕದ ಬದಲು ಒಂದು ಮಗು ಓದ್ಲಿ" ಅಂದ್ರೆ ಕೂಡ್ಲೇ ಒಪ್ತಾರೆ, ಅವರನ್ನ ಅಲ್ಲಿವರೆಗೆ ಯಾರೂ ಕೇಳಿರಲ್ಲ.

ಸಿಂಗಾಪುರದಿಂದ

ನಾನು ಪ್ರತಿ ವರ್ಷ ನಮ್ಮೂರ ಸಂಘಕ್ಕೆ ದುಡ್ಡು ಕಳಿಸ್ತೀನಿ, ವಾಪಸ್ ಬರೋದು ಬರೀ ವೇದಿಕೆ ಫೋಟೊ. ದುಡ್ಡು ಯಾವ ಮಗುಗೆ ಹೋಯ್ತು, ಆ ಮಗು ಈಗ ಯಾವ ಸೆಮಿಸ್ಟರ್, ಪಾಸಾಯ್ತಾ ಇಲ್ವಾ ಒಂದು ಸಾಲು ಬರೆದು ಕಳಿಸಿದ್ರೆ ನಾನು ಇನ್ನೂ ಜಾಸ್ತಿ ಕಳಿಸ್ತೀನಿ. ಹೆಸರು ಬೇಡ ಅವರು ಹೇಳಿದ್ದು ಒಪ್ತೀನಿ, ಮಗುವಿನ ಹೆಸರು ನಂಗೂ ಬೇಡ.

ರಿಟೈರ್ಡ್ ಎಚ್ಚೆಮ್, ಚಿತ್ರದುರ್ಗ

ಎಲ್ಲಾ ಓದಿದೆ. ಹೆಮ್ಮೆ ದೊಡ್ಡದಾ ದಾನ ದೊಡ್ಡದಾ ಅಂತ ಮಾತಾಡ್ತಾ ಎಲ್ಲರೂ ಒಂದು ವಿಷಯ ಬಿಟ್ಟಿದೀರಿ, ಅದು ತಾರೀಖು.

ಎಸ್ಸೆಸ್ಸೆಲ್ಸಿ ಫಲಿತಾಂಶ ಮೇ ತಿಂಗಳ ಹೊತ್ತಿಗೆ. ಪಿಯು, ಡಿಪ್ಲೊಮಾ, ಐಟಿಐ ಅಡ್ಮಿಷನ್ ಅದರ ಹಿಂದೇನೇ. ಬಡ ಮನೆಯವರಿಗೆ ದುಡ್ಡು ಬೇಕಾಗೋದು ಆಗ. ನಿಮ್ಮ ಪುರಸ್ಕಾರ ಆಗಸ್ಟಲ್ಲಿ, ಕೆಲವರದು ದಸರಾ ಆದ್ಮೇಲೆ. ಸರ್ಕಾರದ ಸ್ಕಾಲರ್‌ಶಿಪ್ ಖಾತೆಗೆ ಬರೋ ಹೊತ್ತಿಗೆ ಇನ್ನೂ ತಡ. ಈ ನಡುವಿನ ತಿಂಗಳುಗಳಲ್ಲೇ ಮಕ್ಕಳು ಕಳೆದುಹೋಗೋದು. ಹೆಣ್ಣುಮಕ್ಕಳಾದ್ರೆ ಮನೇಲಿ ಗಂಡು ನೋಡೋಕೆ ಶುರು ಮಾಡ್ತಾರೆ, ಗಂಡುಮಕ್ಕಳು ಬೆಂಗಳೂರಿಗೆ ಹೋಟೆಲ್ ಕೆಲಸಕ್ಕೆ. ಒಂದ್ಸಲ ಕೈಗೆ ಸಂಬಳ ಬಂದ್ಮೇಲೆ ವಾಪಸ್ ಪುಸ್ತಕ ಹಿಡಿಸೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಬಹಳ ಸಲ ಬೇಕಾಗೋ ಮೊತ್ತ ದೊಡ್ಡದೂ ಅಲ್ಲ. ಖಾಸಗಿ ಶಾಲೆಲಿ ಬಾಕಿ ಫೀಸ್ ಇದೆ ಅಂತ ಟಿಸಿ ಕೊಡದೆ ಇಟ್ಕೊಂಡಿರ್ತಾರೆ, ಟಿಸಿ ಇಲ್ಲದೆ ಮುಂದಿನ ಸೀಟಿಲ್ಲ. ಅಥವಾ ಹಾಸ್ಟೆಲ್ ಸಿಗದೆ ದಿನಾ ಓಡಾಡೋ ದಾರಿ ಇಲ್ಲ. ಅಥವಾ ಒಂದು ಸಬ್ಜೆಕ್ಟಲ್ಲಿ ಫೇಲು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದ್ರೆ ಕ್ಯಾಮೆರಾದಲ್ಲಿ ನೇರ ಕಣ್ಗಾವಲು, ತಂದಾಗ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 73.40 ಪರ್ಸೆಂಟಿಗೆ ಇಳೀತು, ಅದೂ ಗ್ರೇಸ್ ಮಾರ್ಕ್ಸ್ ಜಾಸ್ತಿ ಕೊಟ್ಟ ಮೇಲೆ. ಅಂಥ ಮಕ್ಕಳಿಗೆ ಈಗ ಪರೀಕ್ಷೆ-2 ಅಂತ ಅದೇ ವರ್ಷ ಮತ್ತೆ ಬರೆಯೋ ಅವಕಾಶ ಇದೆ, ಆದ್ರೆ ಗಣಿತ ಹೇಳಿಕೊಡೋರು ಯಾರು? ನಿಮ್ಮ ಸಂಘದಲ್ಲಿ ರಿಟೈರ್ಡ್ ಮೇಷ್ಟ್ರುಗಳು ಇದ್ದೇ ಇರ್ತಾರೆ. ಆ ಕಲ್ಯಾಣ ಮಂಟಪದವರನ್ನ ಒಂದು ದಿನದ ಬಾಡಿಗೆಯಲ್ಲೇ ಮೇ ಜೂನಲ್ಲಿ ಕೆಲವು ವಾರ ಬೆಳಗಿನ ಹೊತ್ತು ಕ್ಲಾಸಿಗೆ ಜಾಗ ಕೊಡ್ತೀರಾ ಅಂತ ಕೇಳಿ ನೋಡಿ.

ಮಾರ್ಕ್ಸ್ ನೋಡದೆ ಕೊಟ್ರೆ ಮಕ್ಕಳು ಕೆಡ್ತಾರೆ ಅಂತ ನಿಮ್ಮ ಹಿರಿಯರು ಹೇಳಿದ್ರಲ್ಲ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಈಗ ಹೆಣ್ಣುಮಕ್ಕಳಿಗೆ ಕೊಡ್ತಿರೋ ಸ್ಕಾಲರ್‌ಶಿಪ್ ನೋಡ್ಲಿ. ಸರ್ಕಾರಿ ಶಾಲೆ ಕಾಲೇಜಲ್ಲಿ ಹತ್ತು, ಹನ್ನೆರಡು ಪಾಸಾಗಿ ಡಿಗ್ರಿಗೋ ಡಿಪ್ಲೊಮಾಗೋ ಸೇರಿದ್ರೆ ವರ್ಷಕ್ಕೆ 30,000, ಕೋರ್ಸ್ ಮುಗಿಯೋವರೆಗೆ. ರ‍್ಯಾಂಕ್ ಕೇಳಲ್ಲ. ಸರ್ಕಾರಿ ಶಾಲೇಲಿ ಓದಿ ಕಾಲೇಜಿನ ಬಾಗಿಲಿಗೆ ಬಂದಿದ್ದೇ ಆ ಹುಡುಗಿಯ ಸಾಧನೆ ಅಂತ ಲೆಕ್ಕ ಹಾಕಿದಾರೆ. ನನಗೆ ಅದು ಸರಿ ಅನ್ಸುತ್ತೆ. ತಿಪಟೂರಿನವರೇ, ನೀವು ಹೇಳಿದ ನರ್ಸಿಂಗ್ ಹುಡುಗಿ ಸರ್ಕಾರಿ ಶಾಲೆಯವಳಾದ್ರೆ ಇದನ್ನ ವಿಚಾರಿಸಿ, ಸೀಟು ಹಿಡಿಯೋವರೆಗಿನ ದುಡ್ಡು ನೀವು ಕೊಟ್ರೆ ಉಳಿದಿದ್ದಕ್ಕೆ ದಾರಿ ಆಗಬಹುದು.

ತಿಪಟೂರಿನವನು

ಎಚ್ಚೆಮ್ ಮೇಡಂ ಅಥವಾ ಸರ್, ತಾರೀಖಿನ ವಿಷಯ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನಿಮ್ಮ ಮಾತುಗಳನ್ನೆಲ್ಲ ಸೇರಿಸಿ ಮುಂದಿನ ಮೀಟಿಂಗಿಗೆ ಹೀಗೆ ಇಡ್ತಿದೀನಿ. ಪುರಸ್ಕಾರ ಇರುತ್ತೆ, ಸಂಘದ ಕಚೇರಿ ಮೇಲಿನ ಹಾಲಲ್ಲೇ, ಮಕ್ಕಳು ಮತ್ತೆ ಅಪ್ಪ ಅಮ್ಮ ಮುಂದಿನ ಸಾಲಲ್ಲಿ, ವೇದಿಕೆ ಮೇಲೆ ಗಣ್ಯರ ಕುರ್ಚಿಗಳೇ ಇರಲ್ಲ, ಪೇಟ ಶಾಲು ಯಾರಿಗೂ ಇಲ್ಲ. ತಂದೆ ತಾಯಿ ಹೆಸರು ಮೈಕಲ್ಲಿ ಕೂಗ್ತೀವಿ, ಹೊಸಕೋಟೆಯವರೇ, ಅದು ನಿಮ್ಮ ಸಲುವಾಗಿ. ಉಳಿದ ದುಡ್ಡು ಫೀಸ್ ನಿಧಿಗೆ, ಸೀದಾ ಕಾಲೇಜ್ ಅಕೌಂಟಿಗೆ, ಫೋಟೊ ಇಲ್ಲ. ಮದುವೆ ಗೃಹಪ್ರವೇಶ ಮಾಡೋ ಮನೆಯವರು ಅವರ ಕೈಲಾದಷ್ಟು ಈ ನಿಧಿಗೆ ಅಂತ ಸಾಲೋಟಗಿ ಕಲ್ಲಿನ ಕತೆ ಹೇಳಿ ಕೇಳ್ತೀನಿ. ದತ್ತಿ ಇಟ್ಟಿರೋ ಮನೆಗಳಿಗೆ ಈ ವಾರದಿಂದಾನೇ ಹೋಗ್ತೀನಿ.

ಚಪ್ಪಾಳೆ ತಟ್ಟಿದವರೆಲ್ಲ ಒಪ್ತಾರೆ ಅಂತ ಏನಿಲ್ಲ. ಆ ಹಿರಿಯರು ಹಿಂದೆ ಸಂಘದ ಹಾಸ್ಟೆಲ್ ಕಟ್ಟೋವಾಗ ಸೈಟಲ್ಲಿ ನಿಂತು ಕೆಲಸ ಮಾಡಿಸಿದೋರು, ಅವರನ್ನ ಬಿಟ್ಟು ಇದನ್ನ ಮಾಡೋದು ನನಗೆ ಇಷ್ಟ ಇಲ್ಲ. ಅವರ ಮನೆಗೂ ಹೋಗಿ ಕೂತು ಮಾತಾಡ್ತೀನಿ.

ಹೊಸಕೋಟೆ ಹುಡುಗ

ಆ ಹುಡುಗಿಗೆ ಈ ವರ್ಷ ಸೀಟು ಇನ್ನೂ ಸಿಗೋ ಹಂಗಿದ್ರೆ ನಂಗೆ ಮೆಸೇಜ್ ಮಾಡಿ, ಮೀಟಿಂಗ್‌ವರೆಗೆ ಕಾಯೋದು ಬೇಡ. 90 ಪರ್ಸೆಂಟಿನ ಬಗ್ಗೆ ನನ್ನ ಅಭಿಪ್ರಾಯ ಹಂಗೇ ಇದೆ.

ರಿಟೈರ್ಡ್ ಎಚ್ಚೆಮ್, ಚಿತ್ರದುರ್ಗ

ಮೇಡಂ ಅಂತಾನೇ ಕರೀರಿ. ತಿಪಟೂರಿನವರೇ, ನಿಧಿ ಆಗೋವರೆಗೂ ಸುಮ್ನೆ ಕೂರಬೇಡಿ, ಪಟ್ಟಿ ಈಗ್ಲೇ ಶುರು ಮಾಡಿ. ನಿಮ್ಮ ಸುತ್ತಲಿನ ಹೈಸ್ಕೂಲ್ ಕ್ಲರ್ಕ್‌ಗಳನ್ನ ಕೇಳಿದ್ರೆ ಯಾರ ಟಿಸಿ ಇನ್ನೂ ಬೀರುವಿನಲ್ಲೇ ಇದೆ ಅಂತ ಹೇಳ್ತಾರೆ. ಆ ಮಕ್ಕಳ ಮನೆಗೆ ಹೋಗುವಾಗ ಸಂಘದ ಬ್ಯಾಡ್ಜ್ ಹಾಕ್ಕೊಂಡು ಗುಂಪಾಗಿ ಹೋಗಬೇಡಿ, ಒಬ್ಬರೇ ಹೋಗಿ, ಸಾಯಂಕಾಲ ಅವರು ಕೂಲಿ ಮುಗಿಸಿ ಬಂದ್ಮೇಲೆ.